ಊರ ಗೋಮಾಳವೇ ಗಾಲ್ಫ್ ಮೈದಾನವಾದ ಬಗೆ: ಸೇಂಟ್ ಆಂಡ್ರೂಸ್‌ನ ಕಡಲಂಚಿನ ಬಯಲು

2021ರ ಆಗಸ್ಟ್ 7ರ ಬೆಳಗಿನ ಜಾವ, ಗಾಲ್ಫ್ ದಾಂಡನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದ ಎಷ್ಟೋ ಕನ್ನಡಿಗರು ನಿದ್ದೆಗೆಟ್ಟು ಟಿ.ವಿ. ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿದ್ದರು. ಒಂದೇ ಒಂದು ಹೊಡೆತದಿಂದ ಕಂಚು ಕೈತಪ್ಪಿತು, ಅದಿತಿ ನಾಲ್ಕನೆಯವರಾದರು. ಪದಕ ಬರಲಿಲ್ಲವಾದರೂ ಪಾರ್, ಬರ್ಡಿ ಎಂಬ ಮಾತುಗಳು ಅಂದು ನಮ್ಮ ಮನೆಗಳ ಒಳಗೆ ಬಂದವು.

ಅಂದು ಕುತೂಹಲ ಹುಟ್ಟಿಸಿಕೊಂಡವರಿಗೆ ಮುಂದಿನ ದೊಡ್ಡ ಸಂದರ್ಭ 2027ರ ಜುಲೈ. ಗಾಲ್ಫಿನ ಅತಿ ಹಳೆಯ ದೊಡ್ಡ ಪಂದ್ಯಾವಳಿಯಾದ 'ದಿ ಓಪನ್' ತನ್ನ 155ನೇ ಆವೃತ್ತಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿಗೆ ಬರಲಿದೆ. ಪರದೆಯ ಮೇಲೆ ಆ ಜಾಗ ಕಂಡಾಗ ಮೊದಲ ಸಲ ನೋಡುವವರಿಗೆ ಅಚ್ಚರಿಯಾಗುವುದು ಸಹಜ. ಹೂದೋಟದಂಥ ಮೈದಾನವಿಲ್ಲ, ಸಾಲುಮರಗಳಿಲ್ಲ, ಕೊಳಗಳಿಲ್ಲ. ಏರುಪೇರಿನ, ಕಂದು ಬಣ್ಣಕ್ಕೆ ತಿರುಗಿದ ಒಂದು ಹುಲ್ಲುಬಯಲು, ಪಕ್ಕದಲ್ಲೇ ಉತ್ತರ ಸಮುದ್ರ, ಬಯಲಿನ ಅಂಚಿನಲ್ಲಿ ಬೂದು ಕಲ್ಲಿನ ದೊಡ್ಡ ಕಟ್ಟಡ. ಇಷ್ಟಕ್ಕೆ ಜಗತ್ತಿನ ಆಟಗಾರರೆಲ್ಲ ಯಾಕೆ ಹಂಬಲಿಸುತ್ತಾರೆ? ಆ ಕಟ್ಟಡದವರು ಈ ಬಯಲಿನ ಒಡೆಯರೇ?

ಎರಡನೆಯ ಪ್ರಶ್ನೆಗೆ ಉತ್ತರ 'ಅಲ್ಲ'. ಈ ಬಯಲು ಊರಿನದು. ಅದು ಊರಿನದಾಗಿ ಉಳಿದದ್ದು ಹೇಗೆ ಎಂಬುದನ್ನು ತಿಳಿಯದೆ ಈ ಮೈದಾನ ಅರ್ಥವಾಗುವುದಿಲ್ಲ ಎಂದು ನನ್ನ ಎಣಿಕೆ. ಆದರೆ ಅದಕ್ಕೆ ಮೊದಲು ಆಟ ಮತ್ತು ನೆಲ ಎರಡನ್ನೂ ಸ್ವಲ್ಪ ನೋಡಬೇಕು.

ಗೋಲಿ ಆಡಿದವರಿಗೆ ಗಾಲ್ಫ್ ಹೊಸದಲ್ಲ

ಮಣ್ಣಿನಲ್ಲಿ ಗುಳಿ ತೋಡಿ, ದೂರದಿಂದ ಗೋಲಿಯನ್ನು ಅದರೊಳಗೆ ಬೀಳಿಸಿದ್ದೇವಲ್ಲ, ಗಾಲ್ಫಿನ ಬೀಜವೂ ಅಷ್ಟೇ. ಗೋಲಿಯ ಬದಲು ಪುಟ್ಟ ಗಟ್ಟಿ ಚೆಂಡು, ಬೆರಳಿನ ಬದಲು ದಾಂಡು. ಗುಳಿ ಮಾತ್ರ ನೂರಾರು ಮೀಟರ್ ಆಚೆ ಇರುತ್ತದೆ. ಚೆಂಡನ್ನು ಮೊದಲು ಇಟ್ಟು ಹೊಡೆಯುವ ಜಾಗಕ್ಕೆ ಟೀ ಎನ್ನುತ್ತಾರೆ. ಅಲ್ಲಿಂದ ಮುಂದಿನ ಕತ್ತರಿಸಿದ ಹುಲ್ಲಿನ ದಾರಿ ಫೇರ್‌ವೇ. ಗುಳಿಯ ಸುತ್ತಲಿನ, ಕಂಬಳಿ ಹಾಸಿದಂತೆ ನುಣುಪಾದ ಜಾಗ ಗ್ರೀನ್. ನಡುನಡುವೆ ಇರುವ ಮರಳಿನ ಹೊಂಡಗಳು ಬಂಕರ್.

ಗುಳಿಯ ಅಗಲ ಎಲ್ಲ ಕಡೆ ಒಂದೇ, 108 ಮಿಲಿಮೀಟರ್. ನುರಿತ ಆಟಗಾರ ಒಂದು ಗುಳಿಯನ್ನು ಮುಗಿಸಲು ಇಷ್ಟು ಹೊಡೆತ ಸಾಕು ಎಂದು ಮೊದಲೇ ನಿಗದಿ ಮಾಡಿರುವ ಲೆಕ್ಕಕ್ಕೆ ಪಾರ್ ಎಂದು ಹೆಸರು. ಅದಕ್ಕಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ. ಹದಿನೆಂಟು ಗುಳಿ ಮುಗಿದಾಗ ಯಾರು ಕಡಿಮೆ ಹೊಡೆತ ಹೊಡೆದಿದ್ದಾರೋ ಅವರು ಗೆದ್ದಂತೆ.

ಲಿಂಕ್ಸ್ ಎಂದರೆ ಯಾವ ನೆಲ?

ಕಡಲು ಕಾಣುವ ಗಾಲ್ಫ್ ಮೈದಾನಗಳೆಲ್ಲ ಲಿಂಕ್ಸ್ ಅಲ್ಲ. ಲಿಂಕ್ಸ್ ಎಂಬುದು ನೋಟದ ಹೆಸರಲ್ಲ, ನೆಲದ ಹೆಸರು. ದಿಣ್ಣೆ, ಏರು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೊಂದು ಇದರ ಮೂಲ. ಸ್ಕಾಟ್ಲೆಂಡಿನಲ್ಲಿ ಕಡಲತೀರಕ್ಕೂ ಉಳುವ ಹೊಲಕ್ಕೂ ನಡುವೆ ಇರುವ ಮರಳಿನ, ಏರಿಳಿತದ ಹುಲ್ಲುನೆಲಕ್ಕೆ ಆ ಹೆಸರು ನಿಂತಿತು. ಕಡಲ ಬಂಡೆಯ ಮೇಲೆ, ಜೇಡಿಮಣ್ಣಿನ ಮೇಲೆ ಮಾಡಿದ ಮೈದಾನ ಎಷ್ಟೇ ಸುಂದರವಾಗಿದ್ದರೂ ಹಳಬರು ಅದನ್ನು ಲಿಂಕ್ಸ್ ಎಂದು ಒಪ್ಪುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪೆಬಲ್ ಬೀಚ್ ತನ್ನ ಹೆಸರಿನಲ್ಲಿಯೇ ಲಿಂಕ್ಸ್ ಎಂದು ಸೇರಿಸಿಕೊಂಡಿದೆ, ಆದರೆ ಅದು ಇರುವುದು ಕಡಲ ಕಡಿದಾದ ಬಂಡೆಗಳ ಮೇಲೆ. ಜಗತ್ತಿನ ಗಾಲ್ಫ್ ಮೈದಾನಗಳಲ್ಲಿ ನಿಜವಾದ ಲಿಂಕ್ಸ್ ನೂರಕ್ಕೆ ಒಂದೂ ಇಲ್ಲ, ಇರುವುದರಲ್ಲಿ ಬಹುಪಾಲು ಬ್ರಿಟನ್ ಮತ್ತು ಐರ್ಲೆಂಡಿನ ಕರಾವಳಿಯಲ್ಲಿವೆ.

ಈ ನೆಲ ಹುಟ್ಟಿದ ಬಗೆ ಹೀಗೆ. ಹಿಮಯುಗ ಮುಗಿದು, ಸ್ಕಾಟ್ಲೆಂಡಿನ ಮೇಲೆ ಕೂತಿದ್ದ ಮಂಜುಗಡ್ಡೆಯ ಭಾರ ಇಳಿದಾಗ ಭೂಮಿ ಮೆಲ್ಲಗೆ ಮೇಲೆದ್ದಿತು, ಕಡಲು ಹಿಂದೆ ಸರಿಯಿತು. ಬಿಟ್ಟುಹೋದ ಮರಳನ್ನು ಗಾಳಿ ಒಳಕ್ಕೆ ತೂರಿ ದಿಬ್ಬಗಳನ್ನು ಕಟ್ಟಿತು. ಆ ದಿಬ್ಬಗಳನ್ನು ಮ್ಯಾರಮ್ ಎಂಬ ಉದ್ದ ಬೇರಿನ ಗಟ್ಟಿ ಹುಲ್ಲು ಹಿಡಿದು ನಿಲ್ಲಿಸಿತು. ನಮ್ಮ ಕರಾವಳಿಯ ಹೊಯ್ಗೆಯ ಮೇಲೆ ನೇರಳೆ ಹೂ ಬಿಡುತ್ತ ಹಬ್ಬುವ ಬಳ್ಳಿ ಮಾಡುವುದೂ ಇದೇ ಕೆಲಸವನ್ನೇ. ದಿಬ್ಬ ನಿಂತ ಮೇಲೆ ಅದರ ಒಳಮಗ್ಗುಲಲ್ಲಿ ಫೆಸ್ಕ್ಯೂ, ಬೆಂಟ್ ಎಂಬ ಸಣ್ಣ ಎಸಳಿನ ಹುಲ್ಲುಗಳು ಬೆಳೆದವು.

ಇವು ಬಡ ನೆಲದ ಹುಲ್ಲುಗಳು. ಗೊಬ್ಬರವೂ ನೀರೂ ಹೆಚ್ಚಾದರೆ ದಪ್ಪ ಎಲೆಯ ಬೇರೆ ಹುಲ್ಲು ನುಗ್ಗಿ ಇವನ್ನು ಒತ್ತಿಹಾಕುತ್ತದೆ. ಬೇಸಿಗೆಯಲ್ಲಿ ಲಿಂಕ್ಸ್ ಕಂದಾಗಿ ಕಾಣುವುದು ಅದಕ್ಕಾಗಿ. ಅದು ನಿರ್ಲಕ್ಷ್ಯದ ಗುರುತಲ್ಲ, ಆರೋಗ್ಯದ ಗುರುತು. ಧಾರವಾಡದ ಕಡೆಯ ಎರೆಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಹೆಜ್ಜೆ ಇಟ್ಟವರಿಗೆ ಮಣ್ಣು ಕಾಲನ್ನು ಹೇಗೆ ಹಿಡಿಯುತ್ತದೆ ಎಂಬುದು ಗೊತ್ತು. ಲಿಂಕ್ಸ್ ಅದಕ್ಕೆ ಪೂರಾ ಉಲ್ಟಾ. ಬಿದ್ದ ಮಳೆಯನ್ನು ಮರಳು ಕೂಡಲೇ ಕೆಳಗಿಳಿಸುತ್ತದೆ, ನೆಲ ಮತ್ತೆ ಗಟ್ಟಿಯಾಗುತ್ತದೆ, ಹಾಗಾಗಿ ಚಳಿಗಾಲದಲ್ಲೂ ಆಡಬಹುದು. ಇಂಥ ನೆಲದ ಮೇಲೆ ಚೆಂಡು ಬಿದ್ದಲ್ಲೇ ನಿಲ್ಲುವುದಿಲ್ಲ, ಪುಟಿದು ದೂರ ಉರುಳುತ್ತದೆ. ಮೇಲೆ ಎತ್ತಿ ಹೊಡೆದರೆ ಕಡಲಗಾಳಿ ಅದನ್ನು ಎತ್ತಲೋ ಒಯ್ಯುತ್ತದೆ. ಆದ್ದರಿಂದ ಇಲ್ಲಿ ಜಾಣರು ಚೆಂಡನ್ನು ತಗ್ಗಿನಲ್ಲಿ ಹೊಡೆದು, ನೆಲದ ಓರೆಕೋರೆಗಳನ್ನು ಬಳಸಿ ಉರುಳಿಸುತ್ತಾರೆ.

ಕುರಿ ಮತ್ತು ಮೊಲಗಳ ಕೈವಾಡ

ಓಲ್ಡ್ ಕೋರ್ಸ್ ಎಂದು ಕರೆಯುವ ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನಕ್ಕೆ ನಕ್ಷೆ ಬರೆದವರು ಯಾರೂ ಇಲ್ಲ. ಹುಲ್ಲನ್ನು ಮೇಯ್ದು ಗಿಡ್ಡವಾಗಿ ಇಟ್ಟದ್ದು ಕುರಿ ಮತ್ತು ಮೊಲ. ಅವುಗಳ ಹಿಕ್ಕೆಯೇ ಗೊಬ್ಬರ. ಚಳಿಗಾಳಿಗೆ ಕುರಿಗಳು ದಿಬ್ಬದ ಮರೆಯಲ್ಲಿ ಒತ್ತಾಗಿ ಮಲಗಿ, ನೆಲ ಸವೆದು, ಮರಳು ಬಾಯಿ ತೆರೆದ ಹೊಂಡಗಳೇ ಮೊದಲ ಬಂಕರ್‌ಗಳಾದವು ಎಂದು ಅಲ್ಲಿನವರು ಹೇಳುತ್ತ ಬಂದಿದ್ದಾರೆ. ಇಂದು ಅಲ್ಲಿ 112 ಬಂಕರ್‌ಗಳಿವೆ. ಎಷ್ಟೋ ಬಂಕರ್‌ಗಳು ಬಾವಿಯಂತೆ ಕಿರಿದು, ಆಳ. ತೆರೆದ ಹೊಂಡವಾದರೆ ಗಾಳಿ ಮರಳನ್ನೆಲ್ಲ ಹೊತ್ತೊಯ್ಯುತ್ತದೆ. ಅದಕ್ಕೇ ಹುಲ್ಲು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು, ಪಾಗಾರ ಕಟ್ಟುವ ಹಾಗೆ, ಒಂದರ ಮೇಲೊಂದು ಪೇರಿಸಿ ಅವುಗಳ ಗೋಡೆ ಎಬ್ಬಿಸುತ್ತಾರೆ. ಒಂದೊಂದಕ್ಕೂ ಹೆಸರುಂಟು. ಹದಿನಾಲ್ಕನೆಯ ಗುಳಿಯ ದಾರಿಯಲ್ಲಿರುವ ದೊಡ್ಡ ಹೊಂಡದ ಹೆಸರು 'ನರಕ'.

ಮನುಷ್ಯನ ಕೈ ಸೋಕಿಯೇ ಇಲ್ಲ ಎಂದಲ್ಲ. 1860ರ ದಶಕದಿಂದ 1903ರವರೆಗೆ ಮೈದಾನ ನೋಡಿಕೊಂಡವರು ಇದೇ ಊರಿನಲ್ಲಿ 1821ರಲ್ಲಿ ಹುಟ್ಟಿದ ಟಾಮ್ ಮಾರಿಸ್. ನಾಲ್ಕು ಸಲ ಓಪನ್ ಗೆದ್ದವರು. ಅವರ ಮಗ ಟಾಮ್ ಕೂಡ ನಾಲ್ಕು ಸಲ ಗೆದ್ದು, 24ನೇ ವಯಸ್ಸಿಗೇ ತೀರಿಕೊಂಡರು. ಮಗನಿಂದ ಬೇರೆಯಾಗಿ ಗುರುತಿಸಲು ತಂದೆಯನ್ನು ಓಲ್ಡ್ ಟಾಮ್ ಎಂದು ಕರೆಯುವುದು ರೂಢಿ. ಗ್ರೀನ್ ಮೇಲೆ ಆಗಾಗ ತೆಳುವಾಗಿ ಮರಳು ಹರಡಿದರೆ ಹುಲ್ಲು ಚೆನ್ನಾಗಿ ಬರುತ್ತದೆ ಎಂಬುದನ್ನು ರೂಢಿಗೆ ತಂದವರು ಅವರೇ, ಇಂದಿಗೂ ಜಗತ್ತಿನ ಮೈದಾನಗಳಲ್ಲಿ ಆ ಕ್ರಮ ನಡೆದಿದೆ. ಓಲ್ಡ್ ಕೋರ್ಸಿನ ಕೊನೆಯ ಗುಳಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಹದಿನೆಂಟರ ಲೆಕ್ಕ ಬಂದದ್ದು ಎಲ್ಲಿಂದ?

ಮೊದಲು ಇಲ್ಲಿದ್ದದ್ದು 12 ಗುಳಿ. ಈಗ ಆ ಕಲ್ಲಿನ ಕಟ್ಟಡ ಇರುವ ತುದಿಯಿಂದ ಹೊರಟು ಈಡನ್ ನದಿ ಕಡಲು ಸೇರುವ ಅಳಿವೆಯ ಕಡೆಗೆ ಹನ್ನೊಂದು ಗುಳಿ ಆಡುತ್ತ ಹೋಗುವುದು, ಅದೇ ಗುಳಿಗಳನ್ನು ಹಿಮ್ಮುಖವಾಗಿ ಆಡುತ್ತ ಊರ ಪಕ್ಕದ ಕೊನೆಯ ಗುಳಿಗೆ ಬಂದು ಮುಗಿಸುವುದು. ಹೋಗುವಾಗ ಹನ್ನೊಂದು, ಬರುವಾಗ ಹನ್ನೊಂದು, ಒಟ್ಟು 22. 1764ರಲ್ಲಿ ಮೊದಲ ನಾಲ್ಕು ಗುಳಿಗಳು ತೀರಾ ಹತ್ತಿರವಾದವೆಂದು ಅವನ್ನು ಎರಡಾಗಿ ಮಾಡಿದರು. ಹೋಗುವಾಗ ಎರಡು ಕಡಿಮೆಯಾದವು, ಬರುವಾಗಲೂ ಎರಡು. ಉಳಿದದ್ದು 18. ಈ ಊರಿನ ಮಾತಿಗೆ ಆಟದಲ್ಲಿ ತೂಕ ಹೆಚ್ಚಿದಂತೆಲ್ಲ ಉಳಿದವರೂ ಅದನ್ನೇ ಹಿಡಿದರು. ಬೆಂಗಳೂರಿನ ಮೈದಾನದಲ್ಲಿಯೂ 18 ಗುಳಿಗಳಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಆಡುವವರು ಹೆಚ್ಚಾದಾಗ ಹೋಗುವವರೂ ಬರುವವರೂ ಒಂದೇ ಗುಳಿಯ ಮುಂದೆ ಎದುರುಬದುರಾಗತೊಡಗಿದರು. ಆಗ ಗ್ರೀನ್‌ಗಳನ್ನು ಅಗಲ ಮಾಡಿ ಒಂದೊಂದರಲ್ಲಿ ಎರಡೆರಡು ಗುಳಿ ತೋಡಿದರು. ಹೋಗುವ ದಾರಿಯದಕ್ಕೆ ಬಿಳಿ ಬಾವುಟ, ಬರುವ ದಾರಿಯದಕ್ಕೆ ಕೆಂಪು ಬಾವುಟ. ಇಂಥ ಜೋಡಿ ಗ್ರೀನ್ ಏಳಿವೆ. 2 ಮತ್ತು 16, 3 ಮತ್ತು 15, 4 ಮತ್ತು 14, ಹೀಗೆ ಯಾವ ಜೋಡಿಯನ್ನು ಕೂಡಿದರೂ 18 ಬರುತ್ತದೆ. ಒಂದನೆಯ, ಒಂಬತ್ತನೆಯ, ಹದಿನೇಳನೆಯ ಮತ್ತು ಹದಿನೆಂಟನೆಯ ಗುಳಿಗಳಿಗೆ ಮಾತ್ರ ಸ್ವಂತ ಗ್ರೀನ್ ಇದೆ.

ಈ ನೆಲ ಯಾರದು?

ನಮ್ಮ ಹಳ್ಳಿಗಳ ಗೋಮಾಳವನ್ನು ನೆನಪಿಸಿಕೊಳ್ಳಿ. ಉಳುಮೆಗೆ ಆಗದ, ದನ ಮೇಯಲು ಬಿಟ್ಟ, ಯಾರೊಬ್ಬರದೂ ಅಲ್ಲದ, ಆದರೆ ಎಲ್ಲರಿಗೂ ಬೇಕಾದ ನೆಲ. ಸೇಂಟ್ ಆಂಡ್ರೂಸ್‌ನ ಲಿಂಕ್ಸ್ ಇದ್ದದ್ದು ಹಾಗೆಯೇ. ಮರಳಾದ್ದರಿಂದ ಪೈರು ಬರುತ್ತಿರಲಿಲ್ಲ. ಜನ ಅಲ್ಲಿ ಕುರಿ ಮೇಯಿಸಿದರು, ಬಟ್ಟೆ ಒಣಗಿಸಿದರು, ಬಿಲ್ಲುಗಾರಿಕೆ ಕಲಿತರು, ಆಟ ಆಡಿದರು. ಆಟದ ಗೀಳು ಎಷ್ಟಿತ್ತೆಂದರೆ, ಗಂಡಸರು ಬಿಲ್ಲುವಿದ್ಯೆ ಮರೆಯುತ್ತಿದ್ದಾರೆಂದು 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗಾಲ್ಫನ್ನೂ ಫುಟ್‌ಬಾಲನ್ನೂ ನಿಷೇಧಿಸಿತು. ಗಾಲ್ಫಿನ ಹೆಸರು ಬರಹದಲ್ಲಿ ಸಿಗುವ ಅತಿ ಹಳೆಯ ದಾಖಲೆ ಆ ನಿಷೇಧವೇ.

1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಹೊರಡಿಸಿದ ಸನ್ನದಿನಲ್ಲಿ, ಈ ಬಯಲಿನಲ್ಲಿ ಗಾಲ್ಫ್ ಮತ್ತು ಇತರ ಆಟ ಆಡುವ ಹಕ್ಕು ಊರಿನ ಜನರಿಗೆ ಇದೆ ಎಂದು ಬರೆದುಕೊಟ್ಟರು. ಎರಡೂವರೆ ಶತಮಾನ ಇದು ನಡೆಯಿತು. ಆಮೇಲೆ, ನಮ್ಮ ಗೋಮಾಳಗಳಿಗೆ ಬಂದ ಗತಿಯೇ ಇದಕ್ಕೂ ಬಂತು. ಸಾಲದಲ್ಲಿ ಮುಳುಗಿದ ಊರಿನ ಆಡಳಿತ 1797ರಲ್ಲಿ ನೆಲವನ್ನು ಮಾರಿತು. ಅದನ್ನು ಕೈಗೆ ತೆಗೆದುಕೊಂಡವರು ವ್ಯಾಪಾರಕ್ಕೆಂದು ಮೊಲ ಸಾಕಿದರು. ಹಿಂದೆ ಹುಲ್ಲು ಮೇಯ್ದು ಮೈದಾನ ಮಾಡಿಕೊಟ್ಟಿದ್ದ ಪ್ರಾಣಿಯೇ ಈಗ ಸಂಖ್ಯೆ ಮಿತಿಮೀರಿ, ಬಿಲ ತೋಡಿ ತೋಡಿ ಅದನ್ನು ಹಾಳುಮಾಡತೊಡಗಿತು. ಗಾಲ್ಫಿಗರಿಗೂ ಮೊಲ ಸಾಕುವವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು, ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. 1821ರಲ್ಲಿ ಪಕ್ಕದ ಜಮೀನುದಾರ, ಸ್ವತಃ ಗಾಲ್ಫ್ ಆಡುತ್ತಿದ್ದ ಜೇಮ್ಸ್ ಚೀಪ್ ನೆಲವನ್ನು ಕೊಂಡಾಗ ಆಟ ಉಳಿಯಿತು.

ಅವರು ಒಳ್ಳೆಯ ಒಡೆಯರೇ, ಆದರೂ ನೆಲ ಖಾಸಗಿಯಾಗಿಯೇ ಇತ್ತು. ಅದನ್ನು ಊರಿಗೆ ಮರಳಿಸಿದ್ದು 1894ರಲ್ಲಿ ಸಂಸತ್ತು ಮಾಡಿದ ಕಾಯಿದೆ. 1974ರಲ್ಲಿ ಮತ್ತೊಂದು ಕಾಯಿದೆಯ ಮೂಲಕ ಉಸ್ತುವಾರಿಗೆ ಲಿಂಕ್ಸ್ ಟ್ರಸ್ಟ್ ರಚನೆಯಾಯಿತು. ಇದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಓಲ್ಡ್ ಕೋರ್ಸ್ ಸೇರಿ ಏಳು ಸಾರ್ವಜನಿಕ ಮೈದಾನಗಳನ್ನು ಅದೇ ನಡೆಸುತ್ತದೆ.

ಒಂದನೆಯ ಮತ್ತು ಹದಿನೆಂಟನೆಯ ಫೇರ್‌ವೇಗಳನ್ನು ಅಡ್ಡಹಾಯ್ದು ಒಂದು ಸಾರ್ವಜನಿಕ ದಾರಿ ಹೋಗುತ್ತದೆ. ಕಡಲಿಗೆ ಹೊರಟವರು ಅದರಲ್ಲಿ ನಡೆದು ಹೋಗುತ್ತಾರೆ, ಆಟಗಾರರು ದಾಂಡು ಕೆಳಗಿಟ್ಟು ಕಾಯುತ್ತಾರೆ. ಗಾಲ್ಫ್ ಮೈದಾನವೆಂದರೆ ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ ಎಂದು ನಂಬಿ ಬೆಳೆದ ನನಗೆ ಈ ಒಂದು ದಾರಿ ಆ ಊರಿನ ಬಗ್ಗೆ ಬಹಳ ಹೇಳಿತು.

ಹಾಗಾದರೆ ಆ ಕಲ್ಲಿನ ಕಟ್ಟಡ?

ಅದೊಂದು ಕ್ಲಬ್‌ಹೌಸ್. ಕ್ಲಬ್‌ಹೌಸ್ ಎಂದರೆ ಆಟಗಾರರು ಬಟ್ಟೆ ಬದಲಿಸುವ, ಊಟ ಮಾಡುವ, ದಣಿವಾರಿಸಿಕೊಳ್ಳುವ, ಕ್ಲಬ್ಬಿನ ಕಡತ ಮತ್ತು ಬಹುಮಾನಗಳನ್ನು ಇಡುವ ಮನೆ. ಹೆಚ್ಚಿನ ಕಡೆ ಕ್ಲಬ್, ಕ್ಲಬ್‌ಹೌಸ್, ಮೈದಾನ ಮೂರೂ ಒಬ್ಬರ ಕೈಯಲ್ಲೇ ಇರುತ್ತವೆ. ಇಲ್ಲಿ ಹಾಗಲ್ಲ. 1754ರಲ್ಲಿ 22 ಮಂದಿ ಸಿರಿವಂತರು ಸೇರಿ ಊರಿನಲ್ಲಿ ಗಾಲ್ಫಿಗರ ಸಂಘ ಕಟ್ಟಿದರು. 1834ರಲ್ಲಿ ರಾಜ ನಾಲ್ಕನೆಯ ವಿಲಿಯಂನ ಆಶ್ರಯ ದೊರೆತು ಅದು ರಾಯಲ್ ಅಂಡ್ ಏನ್ಷಂಟ್ ಎಂಬ ಹೆಸರು ಪಡೆಯಿತು, ಬಾಯಿಮಾತಿನಲ್ಲಿ ಆರ್ ಅಂಡ್ ಎ. ಮೊದಲನೆಯ ಟೀಯ ಬೆನ್ನಿಗೇ ನಿಂತಿರುವ ಕಟ್ಟಡ ಈ ಕ್ಲಬ್ಬಿನದು, 1854ರಲ್ಲಿ ಮುಗಿದದ್ದು, ವಾಸ್ತುಶಿಲ್ಪಿ ಜಾರ್ಜ್ ರೇ. ಹೊರಚಾಚಿದ ಅದರ ದೊಡ್ಡ ಕಿಟಕಿಗಳಲ್ಲಿ ಕೂತರೆ ಮೊದಲ ಹೊಡೆತ ಹೊಡೆಯುವವರೂ ಕೊನೆಯ ಗುಳಿ ಮುಗಿಸುವವರೂ ಕಣ್ಣೆದುರೇ.

ಕಟ್ಟಡ ಕ್ಲಬ್ಬಿನ ಸ್ವಂತದ್ದು, ಹೊರಗಿನವರಿಗೆ ಪ್ರವೇಶವಿಲ್ಲ. ಬಾಗಿಲಾಚೆಯ ಹುಲ್ಲು ಮಾತ್ರ ಕ್ಲಬ್ಬಿನದಲ್ಲ, ಅದರ ಸದಸ್ಯರೂ ಉಳಿದವರಂತೆ ಊರಿನ ಮೈದಾನದಲ್ಲಿ ಆಡುವವರೇ. ಇಂಥ ಕ್ಲಬ್‌ಗಳು ಊರಿನಲ್ಲಿ ಇನ್ನೂ ಹಲವಿವೆ. ಯಾವ ಕ್ಲಬ್ಬಿಗೂ ಸೇರದವರಿಗಾಗಿ ಟ್ರಸ್ಟ್ ಬೇರೆಯದೇ ಕ್ಲಬ್‌ಹೌಸ್ ನಡೆಸುತ್ತದೆ, ಅಲ್ಲಿಗೆ ಯಾರೂ ಹೋಗಬಹುದು.

ಆಟದ ನಿಯಮಗಳ ವಿಷಯದಲ್ಲೂ ಆರ್ ಅಂಡ್ ಎ ಹೆಸರು ಕೇಳುತ್ತೀರಿ. 2004ರಲ್ಲಿ ಆ ಹೊಣೆಯನ್ನು ಕ್ಲಬ್ಬಿನಿಂದ ಬೇರ್ಪಡಿಸಿ ಅದೇ ಹೆಸರಿನ ಪ್ರತ್ಯೇಕ ಸಂಸ್ಥೆಗೆ ಒಪ್ಪಿಸಲಾಯಿತು. ಅಮೆರಿಕ ಮತ್ತು ಮೆಕ್ಸಿಕೊ ಬಿಟ್ಟು ಉಳಿದ ಜಗತ್ತಿನ ಗಾಲ್ಫ್ ನಿಯಮಗಳ ಹೊಣೆ ಅದರದು, ಓಪನ್ ನಡೆಸುವುದೂ ಅದೇ.

ಈ ಕಟ್ಟಡದ ಬಗ್ಗೆ ಹೇಳುವಾಗ ಹೆಂಗಸರ ಮಾತನ್ನು ಬಿಡುವಂತಿಲ್ಲ. 260 ವರ್ಷ ಈ ಕ್ಲಬ್ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ. 2014ರ ಸೆಪ್ಟೆಂಬರ್ 18ರಂದು ಮತದಾನವಾಗಿ ಶೇ. 85 ಮಂದಿ ಒಪ್ಪಿದ ಮೇಲಷ್ಟೇ ಬಾಗಿಲು ತೆರೆಯಿತು. ಆದರೆ ಹೆಂಗಸರು ಅಲ್ಲಿಯವರೆಗೆ ಸುಮ್ಮನೆ ಕಾದು ಕೂತಿರಲಿಲ್ಲ. 1867ರಲ್ಲೇ ಅವರು ತಮ್ಮದೇ ಕ್ಲಬ್ ಕಟ್ಟಿಕೊಂಡರು. ಓಲ್ಡ್ ಕೋರ್ಸಿನ ಮಗ್ಗುಲಲ್ಲಿ ಅವರು ಆಡುವ, ಗುಡ್ಡಗಳ ಮರಿಗಳಂತೆ ಉಬ್ಬುತಗ್ಗಿರುವ ಪುಟ್ಟ ಮೈದಾನಕ್ಕೆ 'ಹಿಮಾಲಯಾಸ್' ಎಂದು ಹೆಸರು. ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಸೇರಿಸುವುದಷ್ಟೇ ಅಲ್ಲಿಯ ಆಟ, ಸಣ್ಣ ಶುಲ್ಕ ಕೊಟ್ಟು ಮಕ್ಕಳೂ ಆಡಬಹುದು. 2024ರಲ್ಲಿ ಓಲ್ಡ್ ಕೋರ್ಸಿನಲ್ಲಿ ನಡೆದ ಮಹಿಳೆಯರ ಓಪನ್ ಗೆದ್ದವರು ನ್ಯೂಜಿಲೆಂಡಿನ ಲಿಡಿಯಾ ಕೊ. ಟೋಕಿಯೊದಲ್ಲಿ ಅದಿತಿಗೆ ತಪ್ಪಿದ ಕಂಚು ಸೇರಿದ್ದು ಇವರ ಕೊರಳಿಗೇ.

ಟಿ.ವಿ.ಯಲ್ಲಿ ನೋಡುವಾಗ ಗಮನಿಸಬೇಕಾದ ಜಾಗ

ಒಂದೇ ಒಂದನ್ನು ಆರಿಸು ಎಂದರೆ ನಾನು ಹದಿನೇಳನೆಯ ಗುಳಿಯನ್ನು ತೋರಿಸುತ್ತೇನೆ. ಮೊದಲ ಹೊಡೆತವೇ ಪಕ್ಕದ ಹೋಟೆಲಿನ ಶೆಡ್ಡುಗಳ ಮೇಲಿನಿಂದ, ಚೆಂಡು ಎಲ್ಲಿ ಬೀಳುತ್ತದೆಂದು ಕಾಣದೆಯೇ ಹೊಡೆಯಬೇಕು. ಗ್ರೀನಿನ ಮುಂದೆ ಆಳದ ಬಂಕರ್, ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಬಿದ್ದರೆ ರಸ್ತೆಯ ಮೇಲಿನಿಂದಲೇ ಹೊಡೆಯಬೇಕು, ರಿಯಾಯಿತಿ ಇಲ್ಲ. 1978ರ ಓಪನ್‌ನಲ್ಲಿ ಜಪಾನಿನ ನಕಾಜಿಮಾ ಇಲ್ಲಿ ಗ್ರೀನ್ ಸೇರಿದ್ದರು. ಗುಳಿಯ ಕಡೆ ಉರುಳಿಸಿದ ಚೆಂಡು ಇಳಿಜಾರಿಗೆ ಸಿಕ್ಕು ಬಂಕರಿಗೆ ಜಾರಿತು. ಹೊರತರಲು ಹೆಣಗಿ ಹೆಣಗಿ, ನಾಲ್ಕು ಹೊಡೆತದ ಗುಳಿಗೆ ಒಂಬತ್ತು ಹೊಡೆತವಾಯಿತು.

ಅಲ್ಲಿಂದ ಮುಂದೆ ಸ್ವಿಲ್ಕನ್ ಎಂಬ ತೊರೆಯ ಮೇಲೆ ಪುಟ್ಟ ಕಲ್ಲಿನ ಸೇತುವೆ. ಶತಮಾನಗಳ ಹಿಂದೆ ಕುರಿಗಾಹಿಗಳು ಮಂದೆ ದಾಟಿಸುತ್ತಿದ್ದ ಸೇತುವೆಯದು. ಇಂದು ನಿವೃತ್ತಿಯಾಗುವ ದೊಡ್ಡ ಆಟಗಾರರು ಅದರ ಮೇಲೆ ನಿಂತು ಪ್ರೇಕ್ಷಕರಿಗೆ ಕೈಬೀಸುತ್ತಾರೆ. 2022ರಲ್ಲಿ 150ನೇ ಓಪನ್ ಇಲ್ಲಿ ನಡೆದಾಗ ನೋಡಲು ಬಂದವರು 2,90,000 ಮಂದಿ.

ಸಾಮಾನ್ಯರು ಇಲ್ಲಿ ಆಡಬಹುದೇ?

ಆಡಬಹುದು, ಚೀಟಿ ಎತ್ತುವ ಕ್ರಮದಿಂದ. ಎರಡು ದಿನ ಮೊದಲು ಹೆಸರು ಕೊಟ್ಟರೆ ಲಾಟರಿಯಲ್ಲಿ ಬಂದವರಿಗೆ ಸಮಯ ಸಿಗುತ್ತದೆ. ಬೇಸಿಗೆಯಲ್ಲಿ ಹೊರಗಿನವರು ಒಂದು ಸುತ್ತಿಗೆ 300 ಪೌಂಡ್‌ಗೂ ಮೇಲೆ ಕೊಡಬೇಕು, ಅದು ಸಣ್ಣ ಮೊತ್ತವಲ್ಲ. ಊರಿನ ನಿವಾಸಿಗಳಿಗೆ ರಿಯಾಯಿತಿ ದರದ ವರ್ಷದ ಟಿಕೆಟ್ ಇದೆ. ಭಾನುವಾರ, ಓಪನ್‌ನಂಥ ಪಂದ್ಯಗಳ ಹೊತ್ತು ಬಿಟ್ಟರೆ, ಓಲ್ಡ್ ಕೋರ್ಸಿನಲ್ಲಿ ಆಟವೇ ಇಲ್ಲ. ಗಾಲ್ಫಿಗರಿಗೆ ಬೇಡವಾದರೂ ನೆಲಕ್ಕೆ ವಿಶ್ರಾಂತಿ ಬೇಕು ಎಂದು ಓಲ್ಡ್ ಟಾಮ್ ಹೇಳುತ್ತಿದ್ದರಂತೆ. ಅಂದು ಊರಿನವರು ನಾಯಿ ಕರೆದುಕೊಂಡು, ಮಕ್ಕಳ ಗಾಡಿ ತಳ್ಳಿಕೊಂಡು ಫೇರ್‌ವೇ ಮೇಲೆ ಅಡ್ಡಾಡುತ್ತಾರೆ.

ಕಡಲು ಕೊಟ್ಟದ್ದನ್ನು ಕಡಲು ಕೇಳಿದಾಗ

ಮರಳಿನ ನೆಲಕ್ಕೆ ಇರುವ ಅಪಾಯವೂ ಮರಳಿನದೇ. ಬಿರುಗಾಳಿಯ ಅಲೆಗಳು ದಿಬ್ಬದ ಬುಡ ಕೊರೆಯುತ್ತವೆ. ಸೇಂಟ್ ಆಂಡ್ರೂಸ್‌ನ ಉತ್ತರಕ್ಕೆ, ಅದೇ ಕರಾವಳಿಯಲ್ಲಿರುವ ಮಾಂಟ್ರೋಸ್ ಎಂಬ ಹಳೆಯ ಲಿಂಕ್ಸ್‌ನಲ್ಲಿ ಅಂಚಿನ ನೆಲ ಕಡಲಿಗೆ ಹೋಗಿ, ಟೀಗಳನ್ನು ಒಳಕ್ಕೆ ಸರಿಸಬೇಕಾಯಿತು. ಉಳ್ಳಾಲದಲ್ಲೋ ಮರವಂತೆಯಲ್ಲೋ ಕಡಲ್ಕೊರೆತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಹೆಚ್ಚಾಗಿ ಕಗ್ಗಲ್ಲು ತಂದು ಸುರಿಯುತ್ತೇವೆ. ಸೇಂಟ್ ಆಂಡ್ರೂಸ್‌ನ ವೆಸ್ಟ್ ಸ್ಯಾಂಡ್ಸ್ ಎಂಬ ಉದ್ದದ ಕಡಲತೀರದಲ್ಲಿ ಹಿಡಿದಿರುವ ದಾರಿ ಬೇರೆ. ಅಲೆ ಕಿತ್ತ ಕಡೆಗೆ ಮರಳು ತಂದು ದಿಬ್ಬ ತುಂಬುತ್ತಾರೆ, ನಡೆದಾಡುವವರು ತುಳಿಯದಂತೆ ಬೇಲಿ ಕಟ್ಟುತ್ತಾರೆ, ಆಮೇಲೆ ಮ್ಯಾರಮ್ ಹುಲ್ಲಿನ ಬುಡಗಳನ್ನು ಒಂದೊಂದಾಗಿ, ಗದ್ದೆಯಲ್ಲಿ ನಾಟಿ ಮಾಡಿದಂತೆ, ಬಗ್ಗಿ ನೆಡುತ್ತಾರೆ.